ಫೋಟೊಗ್ರಾಫರ್‌ನ ನಿದ್ದೆ

"ಡ್ರೋನ್ ಬೇಡ," ಎಂದ ಜೀವನ್. ಪಟ್ಟಿಯ ಮೇಲೆ ಅವನ ಪೆನ್ನು ಸರ್ರನೆ ಗೀಟು ಎಳೆಯಿತು.

ಮೈತ್ರೇಯಿ ಆ ಕೈಯನ್ನೇ ನೋಡಿದಳು. ಮದುವೆ ನಿಶ್ಚಯವಾದ ಮೇಲೆ ಇಬ್ಬರೇ ಹೊರಗೆ ಭೇಟಿಯಾಗಿದ್ದು ಇದೇ ಮೊದಲು. ಅದೂ ಎಲ್ಲಿ? ಗುರುಗ್ರಾಮದ ಒಂದು ಫೋಟೊ ಸ್ಟುಡಿಯೊದಲ್ಲಿ!

ಗೋಡೆಯ ಟಿವಿಯಲ್ಲಿ ಯಾರೋ ವಧೂವರರು ಬಣ್ಣದ ಹೊಗೆಯ ನಡುವೆ ಓಡುತ್ತಿದ್ದರು. ಗೌನು ಬಾಡಿಗೆಯದು, ಪಕ್ಕದ ಕುದುರೆ ಬಾಡಿಗೆಯದು. ನಗು ಮಾತ್ರ ಸ್ವಂತದ್ದು, ಅದನ್ನೂ ಹನ್ನೊಂದು ಸಲ ಹೇಳಿ ತರಿಸಿದ್ದು. ಅಂಥ ಮೂರು ನಿಮಿಷಕ್ಕೆ ಜನ ಒಂದು ಸ್ಕೂಟರಿನ ಬೆಲೆ ತೆರುತ್ತಾರೆ. ಮದುವೆಯಾದ ವರ್ಷಕ್ಕೆ ಅದನ್ನು ಅವರೂ ನೋಡುವುದಿಲ್ಲ.

"ಪ್ರೀ-ವೆಡ್ಡಿಂಗ್ ಬೇಡ. ಆಲ್ಬಮ್ಮಿಗೆ ಚರ್ಮದ ಪೆಟ್ಟಿಗೆ ಬೇಡ." ಇನ್ನೆರಡು ಗೀಟು.

ಸ್ಟುಡಿಯೊ ಮಾಲೀಕ ಬತ್ರಾ ಮೈತ್ರೇಯಿಯ ಕಡೆ ಕನಿಕರದಿಂದ ನೋಡಿದ. "ಮ್ಯಾಡಮ್‌ಜೀ, ಮದುವೆ ಆಗೋದು ಒಂದೇ ಸಲ."

ಅವಳ ಕಿವಿ ಬಿಸಿಯಾಯಿತು. ಡ್ರೋನು, ಹೊಗೆ ಅವಳಿಗೂ ಬೇಕಿರಲಿಲ್ಲ. ಬೇಕಾಗಿದ್ದು ಒಂದೇ ಒಂದು ಫೋಟೊ. ಅದರ ಹಿಂದಿನ ಕಥೆಯನ್ನು ಬತ್ರಾನಿಗೆ ತಾನೇ ಹೇಳಿದಳು.

ಅವಳ ಅಮ್ಮ ಸುಶೀಲಮ್ಮನ ಮದುವೆಯೂ ದಿಲ್ಲಿಯಲ್ಲೇ ಆಗಿತ್ತು, ಬೆಳಗಿನ ಮುಹೂರ್ತದಲ್ಲಿ. ಇಲ್ಲಿನವರ ಮದುವೆ ರಾತ್ರಿ. ಹಾಗಾಗಿ ಫೋಟೊದವನು, ಅಸಲಿ ಮದುವೆ ಸಂಜೆಗಿದೆ ಎಂದುಕೊಂಡು ಇಡ್ಲಿ ತಿನ್ನುತ್ತ ಕೂತುಬಿಟ್ಟಿದ್ದ. ಅಂತರಪಟ ಸರಿಯಿತು, ತಾತ ಮಗಳ ಕೈಮೇಲೆ ಧಾರೆ ಎರೆದರು, ಅವನ ಎರಡನೇ ಪ್ಲೇಟ್ ಮುಗಿದಿರಲಿಲ್ಲ. ಅದೇ ವರ್ಷ ತಾತ ತೀರಿಕೊಂಡರು. ಆಲ್ಬಮ್ಮಿನಲ್ಲಿ ಉಡುಗೊರೆ ಬಂದ ಪ್ರೆಶರ್ ಕುಕ್ಕರಿನ ನಾಲ್ಕು ಫೋಟೊಗಳಿವೆ. ತಾತನ ಕೈ ಒಂದರಲ್ಲೂ ಇಲ್ಲ. ಅಮ್ಮ ಇವತ್ತಿಗೂ ಪ್ರತಿ ಪುಟದಲ್ಲಿ ಅದನ್ನು ಹುಡುಕುತ್ತಾಳೆ.

"ನನಗೆ ಆ ಧಾರೆಯ ಫೋಟೊ ತಪ್ಪಬಾರದು," ಎಂದಳು ಮೈತ್ರೇಯಿ.

ಜೀವನ್ ತಲೆಯನ್ನೇ ಎತ್ತಲಿಲ್ಲ. "ಎರಡನೇ ಕ್ಯಾಮೆರಾ ದಿನವಿಡೀ ಬೇಡ," ಎಂದು ಇನ್ನೊಂದು ಗೀಟು ಎಳೆದ. "ಬತ್ರಾ ಸಾಹೇಬ್, ನಮ್ಮ ಮುಹೂರ್ತ ಬೆಳಗ್ಗೆ ಎಂಟಕ್ಕೆ. ಆ ಹೊತ್ತಲ್ಲಿ ನಿಮ್ಮ ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕೂತಿರುತ್ತೆ. ಅದಕ್ಕೆ ಪೂರ್ತಿ ರೇಟ್ ಯಾಕೆ?"

ಅರ್ಧ ರೇಟಿಗೆ ಇಳಿಸಿಯೇ ಬಿಟ್ಟ. ಮೈತ್ರೇಯಿಯ ಅಪ್ಪ ಏಕನಾಥ ಕೊಟ್ಟು ಕಳಿಸಿದ್ದ ಅಡ್ವಾನ್ಸ್ ಅವಳ ಪರ್ಸಿನಿಂದ ಬತ್ರಾನ ಡ್ರಾಯರ್ ಸೇರಿತು.

ಅಮ್ಮನ ಕಣ್ಣೀರಿನ ಕಥೆ ಕೇಳಿಯೂ ಗೀಟು ಎಳೆದನಲ್ಲ... ಇವನು ಮನುಷ್ಯನಾ, ಕ್ಯಾಲ್ಕುಲೇಟರಾ? ಹೊರಗೆ ಬಂದವಳು ತಿರುಗಿಯೂ ನೋಡದೆ ಮೆಟ್ರೊ ಮೆಟ್ಟಿಲು ಹತ್ತಿದಳು.

ಕಿದ್ವಾಯಿ ನಗರದ ತಮ್ಮ ಕ್ವಾರ್ಟರ್ಸ್ ತಲುಪುವಷ್ಟರಲ್ಲಿ ತಿರಸ್ಕಾರ ಗಟ್ಟಿಯಾಗಿತ್ತು. ಜೀವನ್ ಮುಖರ್ಜಿ ನಗರದ ಕೋಚಿಂಗ್ ಮೇಷ್ಟ್ರು. ಭೂಗೋಳ ಪಾಠ ಮಾಡುತ್ತಾನೆ, ಭೂಮಿಯನ್ನೂ ಅರ್ಧ ರೇಟಿಗೆ ಕೇಳುವವನು! ಇವನು ನಾಳೆ ಮಗುವಿನ ಹಾಲಿಗೂ ಗೀಟು ಎಳೆಯುತ್ತಾನೆ...

ಅವಳು ಮೆಸೇಜ್ ಕಳಿಸಿದಳು. 'ನನ್ನ ನೆನಪುಗಳಿಗೂ ಚೌಕಾಸಿ ಮಾಡುವವರ ಜೊತೆ ನಾನು ಬಾಳಲಾರೆ. ಮನೆಯಲ್ಲಿ ಭಾನುವಾರ ನಾನೇ ಹೇಳುತ್ತೇನೆ.'

ಉತ್ತರ ಬಂತು. 'ಸರಿ. ನಿಮ್ಮ ಇಷ್ಟ.'

ಮಾತಿನಲ್ಲೂ ಉಳಿತಾಯ! ಅವಳು ನಕ್ಕಳು. ನಕ್ಕ ಮೇಲೂ ಯಾಕೋ ಆ ಮೆಸೇಜನ್ನೇ ಮತ್ತೆ ಮತ್ತೆ ಓದಿದಳು. ಅದನ್ನೂ ಸಿಟ್ಟೆಂದೇ ಅಂದುಕೊಂಡಳು.

ಶನಿವಾರ ಅಪ್ಪನ ಅಡ್ವಾನ್ಸ್ ವಾಪಸ್ ಕೇಳಲು ಒಬ್ಬಳೇ ಸ್ಟುಡಿಯೊಗೆ ಹೋದಳು. ಬತ್ರಾ ಅವಳನ್ನು ವಿಚಿತ್ರವಾಗಿ ನೋಡಿದ. ಅಡ್ವಾನ್ಸ್ ವಾಪಸ್ಸಾ? ಗುರುವಾರ ನಿಮ್ಮವರು ಬಂದು ಇನ್ನಷ್ಟು ಕಟ್ಟಿ ಹೋದರಲ್ಲ ಎಂದ.

ಗುರುವಾರ... ಅವಳು ಬೇಡವೆಂದ ಮರುದಿನ!

"ಇಪ್ಪತ್ತೆರಡು ವರ್ಷದಿಂದ ಈ ದಂಧೆಯಲ್ಲಿದ್ದೇನೆ ಮ್ಯಾಡಮ್‌ಜೀ. ಜನ ಹೊಗೆ ಕೊಂಡಿದ್ದಾರೆ, ಕುದುರೆ ಕೊಂಡಿದ್ದಾರೆ. ನನ್ನ ನಿದ್ದೆ ಕೊಂಡವರು ಇವರೊಬ್ಬರೇ."

ಅವಳಿಗೆ ಅರ್ಥವಾಗಲಿಲ್ಲ. ಬತ್ರಾ ಬಿಡಿಸಿ ಹೇಳಿದ. ಓದುವಾಗ ಹಾಸ್ಟೆಲಿನ ಬಾಡಿಗೆಗಾಗಿ ಜೀವನ್ ನಾಲ್ಕು ಸೀಸನ್ ಮದುವೆಗಳಲ್ಲಿ ಲೈಟ್ ಹಿಡಿದವನಂತೆ. ದೊಡ್ಡ ಪ್ಯಾಕೇಜಿಗೆ ಮಾಲೀಕ ಬರುವುದಿಲ್ಲ, ರಾತ್ರಿಯೆಲ್ಲ ಇನ್ನೊಂದು ಮದುವೆಯಲ್ಲಿ ನಿಂತ ಕೆಲಸದವರು ಬರುತ್ತಾರೆ, ಬೆಳಗಿನ ಎಂಟಕ್ಕೆ ಅವರ ಕಣ್ಣು ತೆರೆದಿದ್ದರೂ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಡ್ರೋನು, ಪೆಟ್ಟಿಗೆಗಳಲ್ಲಿ ಉಳಿಸಿದ ಹಣಕ್ಕೆ ತನ್ನದನ್ನೂ ಸೇರಿಸಿ ಕಟ್ಟಿದ್ದ. ಷರತ್ತು ಇಷ್ಟೇ. ಮದುವೆಯ ಹಿಂದಿನ ರಾತ್ರಿ ಬತ್ರಾ ಯಾವ ಬುಕಿಂಗೂ ತೆಗೆದುಕೊಳ್ಳಬಾರದು. ಮಲಗಬೇಕು. ಬೆಳಗ್ಗೆ ತಾನೇ ಬರಬೇಕು.

ಬತ್ರಾ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. ಹಿಂದಿಯಲ್ಲಿ, ಮೇಷ್ಟ್ರ ದುಂಡನೆಯ ಅಕ್ಷರ. ಅಂತರಪಟ ಎಂದರೇನು, ಜೀರಿಗೆ-ಬೆಲ್ಲ ಯಾವಾಗ ಹಾಕುತ್ತಾರೆ, ಎಲ್ಲಿ ನಿಲ್ಲಬೇಕು... ಕೆಳಗೆ, 'ಧಾರೆಯ ಅರ್ಧ ಗಂಟೆ ಎರಡು ಕ್ಯಾಮೆರಾ. ಒಂದು ವಧುವಿನ ತಂದೆಯ ಕೈ ಮೇಲೆ, ಒಂದು ವಧುವಿನ ಮುಖದ ಮೇಲೆ. ವರನನ್ನು ಬಿಟ್ಟರೂ ಪರವಾಗಿಲ್ಲ. ತಿಂಡಿ ಆಮೇಲೆ.'

ಮೇಲೆ ವಧುವಿನ ಹೆಸರಿತ್ತು. ವರ ಎಂಬಲ್ಲಿ ಖಾಲಿ.

"ಇದ್ಯಾಕೆ ಖಾಲಿ ಅಂತ ನಾನು ಕೇಳಿದೆ. ದಿನ ಬದಲಾಗಬಹುದು, ವರನೂ ಬದಲಾಗಬಹುದು, ಆದರೆ ಆ ಹುಡುಗಿಗೆ ಈ ಫೋಟೊ ತಪ್ಪಬಾರದು ಅಂದರು. ಹುಚ್ಚ," ಎಂದ ಬತ್ರಾ. ಈ ಸಲ ಅವನ ದನಿಯಲ್ಲಿ ಕನಿಕರ ಇರಲಿಲ್ಲ.

ಮೈತ್ರೇಯಿ ಹಾಳೆಯನ್ನು ಮಡಚಿಕೊಂಡು ಎದ್ದಳು. ಮೆಟ್ರೊದ ಹಳದಿ ಲೈನಿನಲ್ಲಿ ತನ್ನ ಸ್ಟೇಷನ್ ಬಂತು, ಇಳಿಯಲಿಲ್ಲ. ಇಡೀ ದಿಲ್ಲಿ ದಾಟಿ ಮುಖರ್ಜಿ ನಗರಕ್ಕೆ ಹೋದಳು. ಇಷ್ಟು ದಿನ ಅವನ ಮೇಲೆ ಸುರಿದ ತಿರಸ್ಕಾರ ದಾರಿಯುದ್ದಕ್ಕೂ ಅವಳ ಮೇಲೇ ಬೀಳುತ್ತಿತ್ತು.

ಕೋಚಿಂಗ್ ಸೆಂಟರಿನ ಕೆಳಗೆ, ಝೆರಾಕ್ಸ್ ಅಂಗಡಿಯ ಪಕ್ಕ ಕಾದಳು. ಕ್ಲಾಸ್ ಬಿಟ್ಟಿತು. ತೋಳಿನ ಮೇಲೆಲ್ಲ ಚಾಕ್ ಪುಡಿಯೊಂದಿಗೆ ಮೆಟ್ಟಿಲಿಳಿದ ಜೀವನ್ ಅವಳನ್ನು ಕಂಡು ನಿಂತುಬಿಟ್ಟ.

"ನಾನು ಧಾರೆಯ ವಿಷಯ ಹೇಳಿದ್ದು ಅವತ್ತೇ ಅರ್ಥ ಆಗಿತ್ತಾ?"

"ಆಗಿತ್ತು."

"ಹಾಗಾದ್ರೆ ಮುಖ ಕೂಡ ಎತ್ತಲಿಲ್ಲ ಯಾಕೆ?"

"ಯಾವುದು ಬೇಕೇ ಬೇಕು ಅಂತ ಅಂಗಡಿಯವನಿಗೆ ಗೊತ್ತಾಗಬಾರದು. ರೇಟ್ ಏರಿಸ್ತಾನೆ." ಅವನು ತಡವರಿಸಿದ. "ಹೊರಗೆ ಬಂದು ಹೇಳೋಣ ಅಂದ್ರೆ, ನೀವು ಮೆಟ್ಟಿಲು ಹತ್ತಿಯಾಗಿತ್ತು."

"ಮೆಸೇಜ್ ಮಾಡಿದ ಮೇಲೆ ಹೇಳಬಹುದಿತ್ತಲ್ಲ..."

"ಹೇಳಿದ್ರೆ, ನಿಮ್ಮ ಜೊತೆಗೂ ಚೌಕಾಸಿ ಮಾಡಿದ ಹಾಗೆ ಆಗ್ತಿತ್ತು. ಅದು ನನ್ನಿಂದ ಆಗಲಿಲ್ಲ."

ಅವಳ ಕಣ್ಣು ತುಂಬಿತು. ಅವನ ಜೇಬಿನ ಪೆನ್ನು ತೆಗೆದುಕೊಂಡಳು. ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಹಾಳೆ ಬಿಡಿಸಿ, ವರ ಎಂಬಲ್ಲಿ ಅವನ ಹೆಸರು ಬರೆದಳು. ಆಮೇಲೆ 'ವರನನ್ನು ಬಿಟ್ಟರೂ ಪರವಾಗಿಲ್ಲ' ಎಂಬ ಸಾಲಿನ ಮೇಲೆ ಸರ್ರನೆ ಗೀಟು ಎಳೆದಳು.

ಜೀವನ್ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ.

"ಇದಕ್ಕೆ ಬತ್ರಾ ಎಕ್ಸ್‌ಟ್ರಾ ಕೇಳ್ತಾನೆ," ಎಂದ ಮೆಲ್ಲಗೆ.

"ಕೇಳಲಿ. ಇದೊಂದಕ್ಕೆ ನೀವು ಚೌಕಾಸಿ ಮಾಡಬಾರದು."

"ಮಾಡಲ್ಲ," ಎಂದ ಅವನು. ಪೆನ್ನಿಗೆಂದು ಚಾಚಿದ ಅವನ ಕೈ, ಅವಳ ಕೈಯಲ್ಲೇ ಉಳಿಯಿತು.