ನಾಲ್ಕನೇ ಮಟ್ಟದ ಮಧ್ಯಾಹ್ನ

ಜೂನ್ ಹತ್ತು, ಮಂಗಳವಾರ, ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಲಿಪೊವೊ ಠಾಣೆಗೆ ದೂರು ಬಂತು. ತಂದವರು ಭೂದಾಖಲೆ ಕಚೇರಿಯ ಮುಖ್ಯಸ್ಥೆ ಕಪ್ರಾಲೊವಾ. ಅವರ ಬಲಗೆನ್ನೆಯ ಮೇಲೆ ಕಾರ್ಪೆಟ್ಟಿನ ನೇಯ್ಗೆ ಅಚ್ಚೊತ್ತಿತ್ತು. ಇನ್ಸ್‌ಪೆಕ್ಟರ್ ವೆಲಿಜಾರ್ ನೋಡಿಯೂ ನೋಡದವರಂತೆ ಕುರ್ಚಿ ತೋರಿಸಿದರು.

ಆ ಕಚೇರಿಯ ಬಾಗಿಲುಗಳಿಗೆ ಚಳಿಗಾಲದಲ್ಲಿ ಹೊಸ ಯಂತ್ರ ಹಾಕಿಸಿದ್ದರು. ಎಲ್ಲರಿಗೂ ಒಂದೊಂದು ಕಾರ್ಡು, ಅಪಾಯಕ್ಕೆ ಐದು ಮಟ್ಟ. ಒಂದನೆಯದು ಎಂದಿನ ದಿನ. ನಾಲ್ಕಕ್ಕೆ ಏರಿತೆಂದರೆ ಬಾಗಿಲುಗಳೆಲ್ಲ ಬೀಗ ಬಿಗಿದುಕೊಳ್ಳುತ್ತವೆ, ದೀಪ ಮಂಕಾಗುತ್ತದೆ, ಪರದೆ ಇಳಿಯುತ್ತದೆ. ಇದ್ದವರು ಇದ್ದಲ್ಲೇ ನೆಲದ ಮೇಲೆ ಮಲಗಿ ಸದ್ದಿಲ್ಲದೆ ಇರಬೇಕು. ಜೂನ್ ಎರಡರಿಂದ ಕೆಲಸದ ದಿನಗಳಲ್ಲೆಲ್ಲ ಸರಿಯಾಗಿ ಒಂದು ಗಂಟೆಗೆ ಮಟ್ಟ ನಾಲ್ಕಕ್ಕೆ ಏರುತ್ತಿತ್ತು, ಒಂದು ಐವತ್ತಕ್ಕೆ ಇಳಿಯುತ್ತಿತ್ತು. ಯಾರೂ ನುಗ್ಗಿರಲಿಲ್ಲ, ಏನೂ ಕಳುವಾಗಿರಲಿಲ್ಲ.

ಆದರೆ ಮಟ್ಟ ಏರಿದೊಡನೆ ಜಿಲ್ಲಾ ಕೇಂದ್ರಕ್ಕೆ ಸುದ್ದಿ ಹೋಗುತ್ತಿತ್ತು. ಹೆಲ್ಮೆಟ್ ಹಾಕಿದ ಎಂಟು ಜನ ವ್ಯಾನಿನಲ್ಲಿ ಬೆಟ್ಟ ಇಳಿದು ಬಂದು, ಏನೂ ಸಿಗದೆ, ಲಿಂಡನ್ ಮರದ ಕೆಳಗೆ ನಿಂತು ಅದರ ಹೂವಿನ ಕಷಾಯ ಕುಡಿದು ವಾಪಸಾಗುತ್ತಿದ್ದರು. ಕೊನೆಗೆ ಜಿಲ್ಲೆಯಿಂದ ಕಾಗದ ಬಂತು: ವ್ಯಾನು ಹತ್ತನೇ ಸಲ ಗೇಟು ಮುಟ್ಟಿದರೆ ಕಟ್ಟಡಕ್ಕೆ ಮೊಹರು, ಕಚೇರಿ ಜಿಲ್ಲಾ ಕೇಂದ್ರಕ್ಕೆ, ಹನ್ನೊಂದು ಜನ ಮನೆಗೆ. ಅಂದಿಗೆ ಏಳು ಸಲ ಆಗಿತ್ತು.

"ಶುಕ್ರವಾರಕ್ಕೆ ಹತ್ತು," ಎಂದರು ಕಪ್ರಾಲೊವಾ.

"ಯಂತ್ರಾನೇ ಆಫ್ ಮಾಡಿಬಿಡಿ."

"ಆಫ್ ಮಾಡಿದ್ರೆ ಅದನ್ನ ಐದನೇ ಮಟ್ಟ ಅಂತ ಲೆಕ್ಕ ಹಾಕ್ಕೊಳತ್ತಂತೆ."

"ಮಲಗಿದ್ದಾಗ ನಿದ್ದೆ ಬಂತಾ?"

"ಭಯದಲ್ಲಿ ಕಣ್ಣು ಮುಚ್ಚಿದ್ದೆ, ಅಷ್ಟೇ," ಎಂದು ಅವರು ಕೆನ್ನೆ ಒರೆಸಿಕೊಂಡರು.

ಎಫ್‌ಐಆರ್ ದಾಖಲಾಯಿತು.

ಬುಧವಾರ ಎರಡು ಗಂಟೆಗೆ, ಎಂಟನೇ ಸಲ ಮುಗಿದ ಮೇಲೆ, ವೆಲಿಜಾರ್ ಮತ್ತು ಪೇದೆ ಗಂಚೊ ಸ್ಥಳ ಪಂಚನಾಮೆಗೆ ಹೋದರು. ಕಟ್ಟಡ ಹಿಂದೆ ಮೂರನೇ ನಂಬರಿನ ಶಿಶುವಿಹಾರವಾಗಿತ್ತು. ಊರಿನಲ್ಲಿ ಮಕ್ಕಳು ಮುಗಿದುಹೋದ ಮೇಲೆ ತೊಟ್ಟಿಲ ಕೋಣೆಗೆ ಕಪಾಟು ಬಂದು ಕಚೇರಿಯಾಯಿತು. ವೆಲಿಜಾರ್ ಕಲಿತದ್ದೂ ಅಲ್ಲೇ, ಗಂಚೊ ಕಲಿತದ್ದೂ ಅಲ್ಲೇ, ಕಪ್ರಾಲೊವಾ ಬಿದ್ದು ಹಲ್ಲು ಮುರಿದುಕೊಂಡದ್ದೂ ಅಲ್ಲೇ. ಬಾಗಿಲ ಬಳಿ ಕಾರ್ಡು ಕೊಡುತ್ತ, ಕಾಲುಚೀಲ ಹೆಣೆಯುತ್ತ ಕೂತಿದ್ದ ಮಿಂಕಾ ಮೂವತ್ತೊಂದು ವರ್ಷ ಅಲ್ಲಿ ಆಯಾ ಆಗಿದ್ದಾಕೆ. ಈಗಲೂ ಊರಿಗೆಲ್ಲ ಮಿಂಕಾ ಆಯಮ್ಮ. ಆಕೆಯನ್ನು ಯಾರೂ ವಿಚಾರಿಸಲಿಲ್ಲ. ಗೋಡೆಯನ್ನು ಯಾರು ವಿಚಾರಿಸುತ್ತಾರೆ?

ಪಂಚನಾಮೆಯಲ್ಲಿ ಎರಡು ಸಂಗತಿ ದಾಖಲಾದವು. ಒಂದು, ಪ್ರತಿ ಕೋಣೆಯ ಬಾಗಿಲ ಬಳಿ ಶೂಗಳು ಮೂತಿ ಗೋಡೆಗೆ ಮಾಡಿಕೊಂಡು ಸಾಲಾಗಿ ನಿಂತಿದ್ದವು. ಬಿಚ್ಚಿದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಎರಡು, ಯಂತ್ರದ ದಾಖಲೆಯ ಪ್ರಕಾರ ಮಟ್ಟ ಏರಿಸಿದ್ದು ಒಂದನೇ ನಂಬರಿನ ಕಾರ್ಡು. ಅದೊಂದೇ ಯಾವ ಮಟ್ಟದಲ್ಲೂ ಎಲ್ಲ ಬಾಗಿಲು ತೆರೆಯಬಲ್ಲದು. ಕಪ್ರಾಲೊವಾ ಅವರದು ಎರಡನೇ ನಂಬರು. ಒಂದನೆಯದು ಮೇಯರ್‌ದು ಎಂದು ಅವರು ತಿಳಿದಿದ್ದರು. ಮೇಯರ್‌ಗೆ ಫೋನ್ ಮಾಡಿದರೆ, ಅದು ಮಂತ್ರಿಗಳದ್ದಿರಬೇಕೆಂದು ತಾವು ಗೌರವದಿಂದ ಸುಮ್ಮನಿದ್ದುದಾಗಿ ಹೇಳಿದರು.

ಗುರುವಾರ ಇಬ್ಬರೂ ಒಳಗೇ ಹೊಂಚು ಹಾಕಿದರು. ಒಂದು ಗಂಟೆಗೆ ಬಾಗಿಲುಗಳು ಟಕ್ಕೆಂದವು. ನಿಯಮದಂತೆ ವೆಲಿಜಾರ್ ಮೇಜಿನ ಕೆಳಗೆ ಮಲಗಿದರು. ಪರದೆಯ ಸಂದಿಯಲ್ಲಿ ಜೇನಿನ ಬಣ್ಣದ ಬೆಳಕು, ಲಿಂಡನ್ ಹೂವಿನ ವಾಸನೆ, ಪಕ್ಕದ ಕೋಣೆಯಿಂದ ಗಂಚೊನ ಗೊರಕೆ. ವರ್ಷಗಳಿಂದ ಸರಿಯಾಗಿ ನಿದ್ದೆ ಕಾಣದ ವೆಲಿಜಾರ್ ಕಣ್ಣು ಬಿಟ್ಟಾಗ ಒಂದು ಐವತ್ತೊಂದು. ಮೈಮೇಲೆ ಕೋಟು ಹೊದಿಸಿತ್ತು. ಶೂಗಳ ಮೂತಿ ಗೋಡೆಗಿತ್ತು.

"ಏನು ನೋಡಿದೆಯೋ?" ಎಂದು ಗಂಚೊನನ್ನು ಕೇಳಿದರು.

"ಕನಸಲ್ಲೋ, ಎಚ್ಚರದಲ್ಲೋ ಸಾರ್?"

ಶಿಶುವಿಹಾರದಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವಾಗ ಶೂಗಳನ್ನು ಹೀಗೇ ಇಡುತ್ತಿದ್ದುದು ವೆಲಿಜಾರ್‌ಗೆ ನೆನಪಾಯಿತು. ಶುಕ್ರವಾರ ಬೆಳಿಗ್ಗೆ ಶಿಶುವಿಹಾರ ಕಚೇರಿಯಾದಾಗಿನ ಹಸ್ತಾಂತರ ಪಟ್ಟಿಯನ್ನು ಪುರಸಭೆಯಿಂದ ತರಿಸಿದರು. ಯಂತ್ರ ಕೂರಿಸಿದವರು ಅಧಿಕಾರದ ಸಾಲನ್ನು ಅದರಿಂದಲೇ ನಕಲು ಮಾಡಿದ್ದರು. ಮೊದಲ ಸಾಲಿನಲ್ಲಿತ್ತು: ಮಧ್ಯಾಹ್ನ ಒಂದರ ನಂತರ ಕಟ್ಟಡದ ಸಂಪೂರ್ಣ ಹೊಣೆ, ಆಯಾ ಮಿಂಕಾ.

ಕಾಗದ ಸಾಲದು, ಕಾರ್ಡು ಕೈಯಲ್ಲಿರುವಾಗಲೇ ಹಿಡಿಯಬೇಕು. ಒಂದು ಗಂಟೆಗೆ ವೆಲಿಜಾರ್ ಮತ್ತೆ ಮೇಜಿನ ಕೆಳಗಿದ್ದರು, ಈ ಸಲ ತೊಡೆ ಚಿವುಟಿಕೊಳ್ಳುತ್ತ. ಅತ್ತ ಬೆಟ್ಟದಲ್ಲಿ ವ್ಯಾನು ಹತ್ತನೇ ಸಲ ಹೊರಟಿತ್ತು. ಒಂದು ಹದಿನಾಲ್ಕಕ್ಕೆ ಬಾಗಿಲು ತೆರೆಯಿತು. ಉಣ್ಣೆಯ ಚಪ್ಪಲಿ ನೆಲದ ಮೇಲೆ ಸರಸರ ಬಂತು. ಅವರು ನಲವತ್ತು ವರ್ಷದ ಹಿಂದಿನಂತೆಯೇ ಕಣ್ಣು ಮುಚ್ಚಿಕೊಂಡರು. ಯಾರೋ ಶೂ ಕಳಚಿದರು.

"ರೆಪ್ಪೆ ಅಲ್ಲಾಡ್ತಿದೆ ವೆಲಿಜಾರ್," ಎಂದಿತು ಮೆಲುದನಿ. "ಆಗ್ಲೂ ಹಿಂಗೇ ಕಳ್ಳನಿದ್ದೆ. ಬಾಗ್ಲು ಸ್ವಲ್ಪ ತೆರೆದಿಟ್ಟಿರ್ತೀನಿ, ಹೆದರ್ಬೇಡ. ಮಲಕ್ಕೋ ಮಗಾ."

ಇನ್ಸ್‌ಪೆಕ್ಟರ್ ಇನ್ನೂ ಎಂಟು ನಿಮಿಷ ಮಲಗಿದ್ದರು. ಆಯಮ್ಮ ಮಲಗು ಎಂದಿದ್ದಳಲ್ಲ.

ಒಂದು ಇಪ್ಪತ್ತೆರಡಕ್ಕೆ ಕಾಲುಚೀಲದಲ್ಲೇ ಹೊರಗೆ ಬಂದರು. ಮಂಕು ಓಣಿಯ ನಡುವೆ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ, ಒಂದನೇ ನಂಬರಿನ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಮಿಂಕಾ ಆಯಮ್ಮ ಕೂತಲ್ಲೇ ನಿದ್ದೆ ಹೋಗಿದ್ದಳು. ಎರಡೂ ಕಡೆಯ ಕೋಣೆಗಳಿಂದ ಹನ್ನೊಂದು ಜನರ ಉಸಿರು, ಅದರ ಮೇಲೆ ಗಂಚೊನದು, ಏರಿ ಇಳಿದು ಇಡೀ ಕಟ್ಟಡವೇ ನಿದ್ದೆಯಲ್ಲಿ ಉಸಿರಾಡುತ್ತಿದ್ದಂತಿತ್ತು.

ಮಟ್ಟ ಇಳಿಸಿದರೆ ಗಂಟೆ ಹೊಡೆದು ಎಲ್ಲರಿಗೂ ಎಚ್ಚರವಾಗುತ್ತದೆ. ವೆಲಿಜಾರ್ ವೈರ್‌ಲೆಸ್‌ನಲ್ಲಿ ಪಿಸುಗುಟ್ಟಿದರು: ಆರೋಪಿ ಪೊಲೀಸ್ ವಶದಲ್ಲಿದ್ದಾರೆ, ವ್ಯಾನು ತಿರುಗಿಸಿ. ಸೇತುವೆಯ ಬಳಿ ವ್ಯಾನು ತಿರುಗಿತು. ಆಮೇಲೆ ಇನ್ನೊಂದು ಪುಟ್ಟ ಕುರ್ಚಿ ತಂದು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಆರೋಪಿಯ ಪಕ್ಕ ಕೂತರು. ಬಂಧನದ ಸಮಯ ಒಂದು ಐವತ್ತು ಎಂದು ದಾಖಲಾಗಿದೆ. ಆರೋಪಿ ಪ್ರತಿರೋಧ ತೋರಲಿಲ್ಲ.

ಹೇಳಿಕೆ ಚಿಕ್ಕದು. ಯಂತ್ರ ಕೂರಿಸಿದವರು ನಾಲ್ಕನೇ ಗುಂಡಿ ಏನು ಮಾಡುತ್ತದೆಂದು ತೋರಿಸಿದಾಗ, ಅದು ತಾನು ದಿನಾ ಮಾಡುತ್ತಿದ್ದ ಕೆಲಸವೇ ಎಂದು ಆಕೆಗೆ ಅನ್ನಿಸಿತ್ತು. ವ್ಯಾನಿನ ವಿಷಯ ಯಾರೂ ಹೇಳಿರಲಿಲ್ಲ. ಹೆಲ್ಮೆಟ್ಟಿನವರು ಕಷಾಯಕ್ಕೆ ಬರುತ್ತಾರೆಂದೇ ತಿಳಿದಿದ್ದಳು.

"ಯಾಕೆ ಹೀಗೆ ಮಾಡಿದ್ರಿ ಆಯಮ್ಮ?"

"ಮನೇಲಿ ಯಾರ ಉಸಿರೂ ಕೇಳಲ್ಲ ಮಗಾ. ಮಕ್ಕಳ ಉಸಿರು ಕೇಳ್ದೆ ನಂಗೆ ನಿದ್ದೆ ಹತ್ತಲ್ಲ."

ಕಾರ್ಡು ರದ್ದಾಯಿತು, ಬಾಗಿಲ ಕೆಲಸವೂ ಹೋಯಿತು. ಕಚೇರಿ ಊರಲ್ಲೇ ಉಳಿಯಿತು. ಒಂದು ವರ್ಷ ಪ್ರತಿದಿನ ಠಾಣೆಗೆ ಬಂದು ಸಹಿ ಹಾಕಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು. ಯಾವ ಹೊತ್ತಿಗೆ ಎಂದು ಹೇಳಲಿಲ್ಲ. ಆಕೆ ಒಂದು ಗಂಟೆಗೆ ಬರುತ್ತಾಳೆ. ಲಿಪೊವೊ ಠಾಣೆಯ ದಿನಚರಿಯಲ್ಲಿ ಅಂದಿನಿಂದ ಒಂದರಿಂದ ಒಂದು ಐವತ್ತರವರೆಗೆ ಏನೂ ದಾಖಲಾಗಿಲ್ಲ. ಸಹಿಯೊಂದಕ್ಕೆ ಅಷ್ಟು ಹೊತ್ತು ಬೇಕೇ ಎಂದು ಜಿಲ್ಲೆಯವರು ಇನ್ನೂ ಕೇಳಿಲ್ಲ.