ನಲವತ್ತೊಂದು ಸುಳ್ಳು ಸೋಲು

"ಹೋಯ್! ಅಮ್ಮಾ! ನಿಲ್ಲಿ ಮಾರಾಯ್ರೆ, ಸ್ವಲ್ಪ ನಿಲ್ಲಿ!"

ಮದ್ರಾಸಿನ ಟ್ರಿಪ್ಲಿಕೇನ್‌ನ ಸಂಜೆಯ ಜನಜಂಗುಳಿಯಲ್ಲಿ ಯಾರೋ ತನ್ನ ಹಿಂದೆಯೇ ಓಡಿ ಬರುತ್ತಿದ್ದಾರೆಂದು ಗೊತ್ತಾದಾಗ ತುಂಗಾ ಗಾಬರಿಯಿಂದ ಹೆಜ್ಜೆ ನಿಲ್ಲಿಸಿದಳು. ತಿರುಗಿ ನೋಡಿದಳು. ಈಗಷ್ಟೇ ಬೋಂಡಾ ಕಟ್ಟಿಕೊಟ್ಟ ಹೋಟೆಲಿನವನು! ಹೆಗಲ ಮೇಲೆ ಟವೆಲು, ಬೆರಳಿಗೆ ಸುತ್ತಿಕೊಂಡ ನೂಲು, ಏದುಸಿರು.

"ಏನ್ರೀ ಇದು? ನಡುಬೀದಿಯಲ್ಲಿ ಹೀಗಾ ಕೂಗೋದು?"

"ಬೋಂಡಾ ನೀವೇ ತಿನ್ನಿ, ನನಗೆ ಅದನ್ನು ಕಟ್ಟಿದ ಪೇಪರ್ ಬೇಕು. ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪ ಅಂತ ಉಂಟು ಅದರಲ್ಲಿ. ಯಾವುದು ಅಂತ ಓದುವಷ್ಟರಲ್ಲಿ ನೀವು ಹೊರಟೇ ಬಿಟ್ರಿ!"

ಇಷ್ಟಕ್ಕೆ ಓಡಿ ಬಂದನಾ ಈ ಮನುಷ್ಯ?!

"ಗ್ರೀನ್‌ಲ್ಯಾಂಡ್," ಎಂದಳು ತುಂಗಾ.

ಅವನು ಬಾಯಿ ತೆರೆದು ನಿಂತುಬಿಟ್ಟ. "ಹೋಗಿದ್ದೀರಾ ಅಲ್ಲಿಗೆ?"

ತುಂಗಾ ಗೊಳ್ಳೆಂದು ನಕ್ಕಳು. ನಕ್ಕ ಮೇಲೆ ಅವಳಿಗೇ ಆಶ್ಚರ್ಯವಾಯಿತು. ತಾನು ಕೊನೆಯ ಸಲ ನಕ್ಕದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ...

ಅದು ೧೯೬೧ರ ಮಾರ್ಚ್ ತಿಂಗಳು. ತುಂಗಾಳಿಗೆ ಇಪ್ಪತ್ತೆಂಟು. ಬಿ.ಎ. ಓದಿ ಮೌಂಟ್ ರೋಡಿನ ಒಂದು ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳ ಜಾತಕ ಹಿಡಿದು ಓಡಾಡುವವರು ಯಾರೂ ಉಳಿಯಲಿಲ್ಲ. ಇದ್ದದ್ದು ಅಣ್ಣ ಕೃಷ್ಣರಾಜನ ಮನೆಯಲ್ಲಿ. ಅಣ್ಣ ಕೆಟ್ಟವನಲ್ಲ, ಅತ್ತಿಗೆ ಚಂದ್ರಮತಿಯೂ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದ ಮಾತು ಎರಡೇ. "ಕಾಫಿ ಆಯ್ತಾ?" ಮತ್ತು "ಲೈಟ್ ಆರಿಸು."

ಇನ್ನು ಆ ಓಡಿ ಬಂದವನ ಕಥೆ. ಹೆಸರು ಸದಾನಂದ, ಉಡುಪಿಯ ಕಡೆಯವನು, ಓದಿದ್ದು ಐದನೇ ಕ್ಲಾಸು. ಹೋಟೆಲಿನ ಧಣಿಗೆ ಮಂಗಳೂರಿನಿಂದ ಟಪಾಲಿನಲ್ಲಿ ಕನ್ನಡ ಪೇಪರ್ ಬರುತ್ತಿತ್ತು. ಧಣಿ ಓದಿ ಎಸೆದದ್ದು ಪಾರ್ಸೆಲ್ ಕಟ್ಟುವ ಸದಾನಂದನ ಕೈಗೆ. ಪ್ರತಿ ಹಾಳೆಯನ್ನೂ ಅಕ್ಷರ ಬಿಡದೆ ಓದಿದ ಮೇಲೆಯೇ ಅವನು ಅದರಲ್ಲಿ ಬೋಂಡಾ ಕಟ್ಟುತ್ತಿದ್ದದ್ದು. ಎಂಥ ಹುಚ್ಚು ನೋಡಿ!

ಮುಂದಿನ ಶನಿವಾರ ತುಂಗಾ ವಾರದ ಬೋಂಡಾಕ್ಕೆ ಹೋದಾಗ ಅವನು ನೂಲು ಸುತ್ತುತ್ತಲೇ ಕೇಳಿದ, "ಮೇಡಂ, ಒಂದು ಪ್ರಶ್ನೆ ಕೇಳ್ಲಾ?"

"ಕೇಳಿ. ಆಮೇಲೆ ನಾನೂ ಕೇಳ್ತೀನಿ."

ಹೀಗೆ ಶುರುವಾಯಿತು ಆಟ. ನಿಯಮ ಅವನದೇ. ಉತ್ತರ ಸರಿಯಾದರೆ ಅಲ್ಲಿಗೆ ಮುಗಿಯಿತು, ಇನ್ನು ಮುಂದಿನ ಶನಿವಾರ. ಗೊತ್ತಿಲ್ಲದಿದ್ದರೆ 'ಸೋತೆ' ಅನ್ನಬೇಕು, ಮರುದಿನವೇ ಉತ್ತರ ಹುಡುಕಿಕೊಂಡು ಬರಬೇಕು. ಬಂದವರಿಗೆ ಇನ್ನೊಂದು ಪ್ರಶ್ನೆ!

ಮೊದಲೆರಡು ಶನಿವಾರ ತುಂಗಾ ಸರಿಯಾದ ಉತ್ತರವನ್ನೇ ಕೊಟ್ಟಳು. ನಡುವಿನ ಆರು ದಿನ... ಅಬ್ಬಾ, ಆ ಆರು ದಿನ ಕಳೆಯುವುದು ಅವಳಿಗೆ ಸಾಕುಸಾಕಾಯಿತು.

ಮೂರನೇ ಶನಿವಾರ ಅವನು ಕೇಳಿದ್ದು, ನೈಲ್ ನದಿ ಯಾವ ಸಮುದ್ರ ಸೇರುತ್ತದೆ ಎಂದು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು.

"ಸೋತೆ," ಎಂದಳು ಮೆಲ್ಲಗೆ.

ಸದಾನಂದನ ಮುಖ ಅರಳಿದ್ದನ್ನು ನೋಡಬೇಕಿತ್ತು! "ಹಾಗಾದ್ರೆ ನಾಳೆ ಬರ್ಬೇಕು ನೀವು!"

"ಬರ್ತೀನಿ. ಏನು ಮಾಡೋದು, ಸೋತೆನಲ್ಲಾ!"

ಅಂದಿನಿಂದ ಅವಳು ದಿನಾ ಸೋತಳು. ಆಫೀಸಿನಲ್ಲಿ ಐದು ಗಂಟೆಯಾಗುವುದನ್ನೇ ಕಾಯುತ್ತಿದ್ದಳು. ಎರಡು ಬೋಂಡಾ ಕಟ್ಟುವಷ್ಟು ಹೊತ್ತಿನ ಮಾತು. ಅಷ್ಟೇ. ಆದರೆ ದಿನವಿಡೀ ಅವಳು ಬದುಕುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಹೀಗೆ ನಲವತ್ತೊಂದು ದಿನ ಕಳೆಯಿತು. ಆಮೇಲೆ ಒಂದು ಸಂಜೆ ಆಫೀಸಿನ ಗೆಳತಿ ವಿಮಲಾ ತಾನೂ ಬರುತ್ತೇನೆಂದು ಜೊತೆಗೆ ಹೊರಟಳು.

"ಆಸ್ಟ್ರೇಲಿಯದ ರಾಜಧಾನಿ ಯಾವುದು ಅಂತ ನಿನ್ನೆ ಕೇಳಿದ್ದೆ. ಸಿಕ್ಕಿತಾ ಉತ್ತರ?" ಸದಾನಂದ ಉತ್ಸಾಹದಿಂದ ಕೇಳಿದ. "ನಿನ್ನೆ ಸೋತ್ರಲ್ಲ ನೀವು!"

ತುಂಗಾ ಬಾಯಿ ತೆರೆಯುವ ಮೊದಲೇ ವಿಮಲಾ ನಕ್ಕಳು. "ಇವಳು ಸೋತಳಾ? ಅಯ್ಯೋ, ಚೆನ್ನಾಗಿದೆ! ಹೋದ ವಾರ ನಮ್ಮ ಆಫೀಸರ್ ಸಿಡ್ನಿ ಅಂದಾಗ, ಅಲ್ಲ ಸಾರ್ ಕ್ಯಾನ್‌ಬೆರಾ ಅಂತ ತಿದ್ದಿದ್ದು ಇವಳೇ ತಾನೇ? ಕಾಲೇಜಲ್ಲಿ ಇದಕ್ಕೆಲ್ಲ ಫಸ್ಟ್ ಪ್ರೈಸ್ ಕಣ್ರೀ ಇವಳಿಗೆ!"

ನೂಲು ಸುತ್ತುತ್ತಿದ್ದ ಕೈ ನಿಂತಿತು.

"ಗೊತ್ತಿತ್ತಾ ನಿಮಗೆ?" ಸದಾನಂದನ ಸ್ವರ ಇಳಿದಿತ್ತು. "ಎಲ್ಲವೂ ಗೊತ್ತಿತ್ತಾ?"

ತುಂಗಾ ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು ಅವನಿಗೆ. ಪಾರ್ಸೆಲನ್ನು ಕಟ್ಟೆಯ ಮೇಲಿಟ್ಟು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೊರಟುಹೋದ.

ಮರುದಿನ ಅಲ್ಲಿ ಭೋಜರಾಜ ಎಂಬ ಇನ್ನೊಬ್ಬನಿದ್ದ. "ಸದಾನಂದನಾ? ಧಣಿಯ ಹತ್ರ ಹಟ ಮಾಡಿ ಕೋಡಂಬಾಕ್ಕಂಗೆ ಹೋದ. ಅಲ್ಲಿ ಸಿನಿಮಾ ಸ್ಟುಡಿಯೋದ ಕ್ಯಾಂಟೀನು ನಮ್ಮದೇ ಉಂಟಲ್ಲ. ಎಂತ ಕಟ್ಲಿ?"

"ಏನೂ ಬೇಡ."

ಆ ಎರಡು ವಾರ ತುಂಗಾ ಪಟ್ಟ ಪಾಡು ಶತ್ರುವಿಗೂ ಬೇಡ. ಮೊದಲು ಅವಳಿಗೆ ಒಂಟಿತನ ಅಭ್ಯಾಸವಾಗಿತ್ತು. ಈಗ ಅದನ್ನು ಸಹಿಸಲೂ ಆಗುತ್ತಿರಲಿಲ್ಲ. 'ಕಾಫಿ ಆಯ್ತಾ' ಎಂದು ಅತ್ತಿಗೆ ಕೇಳಿದರೆ ಅಳು ಬರುತ್ತಿತ್ತು. ದಾರಿಯಲ್ಲಿ ಯಾವುದೋ ಪ್ರಶ್ನೆ ಹೊಳೆದರೆ ಅವನನ್ನು ಕೇಳಬೇಕು ಅನ್ನಿಸುತ್ತಿತ್ತು, ಮರುಕ್ಷಣವೇ ಅವನಿಲ್ಲವೆಂದು ನೆನಪಾಗುತ್ತಿತ್ತು. ತಾನು ಅವನನ್ನು ಪ್ರೀತಿಸುತ್ತಿದ್ದೇನೆ! ಇದು ಹೀಗೇ ಮುಗಿದುಹೋದರೆ ಮುಂದಿನ ಮೂವತ್ತು ವರ್ಷ ಅದೇ ಎರಡು ಮಾತು ಕೇಳಿಕೊಂಡೇ ಇರಬೇಕು...

ಭಾನುವಾರ ಮಧ್ಯಾಹ್ನ, ವಿಮಲಾಳ ಮನೆಗೆ ಎಂದು ಹೇಳಿ ಕೋಡಂಬಾಕ್ಕಂ ಬಸ್ಸು ಹತ್ತಿದಳು. ಮೇ ತಿಂಗಳ ಬಿಸಿಲು ಕೆಂಡದಂತಿತ್ತು. ಕ್ಯಾಂಟೀನಿನ ಹಿಂದಿನ ಹಲಸಿನ ಮರದ ಕೆಳಗೆ ಸದಾನಂದ ಒಬ್ಬನೇ ಪೇಪರ್ ಹರಡಿಕೊಂಡು ಕೂತಿದ್ದ. ಸೊರಗಿದ್ದ.

ಅವಳನ್ನು ಕಂಡು ದಡಬಡಿಸಿ ಎದ್ದ. "ನೀವು ಯಾಕೆ ಬಂದ್ರಿ ಇಲ್ಲಿಗೆ?"

"ತಪ್ಪಾಯ್ತು ಅಂತ ಹೇಳೋಕೆ."

"ತಪ್ಪು ಎಂತದ್ದು? ಐದನೇ ಕ್ಲಾಸಿನವ, ಪಾಪ, ಗೆದ್ದುಕೊಳ್ಳಲಿ ಅಂತ ಬಿಟ್ಟುಕೊಟ್ರಿ." ಅವನ ಕಣ್ಣು ತುಂಬಿತು. "ನಾನು ಅಮ್ಮನಿಗೆ ಕಾಗದ ಬರೆದಿದ್ದೆ, ಗೊತ್ತುಂಟಾ? ಬಿ.ಎ. ಓದಿದವರನ್ನು ದಿನಾ ಸೋಲಿಸ್ತೇನೆ ಅಂತ. ಅಮ್ಮ ಊರಿಡೀ ಹೇಳಿಕೊಂಡು ಬಂದಿದ್ದಾಳೆ. ಇನ್ನು ನಾನು ಎಂತ ಬರೆಯುದು ಅವಳಿಗೆ?"

ತುಂಗಾಳಿಗೆ ಭೂಮಿಯೇ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಆಸೆಗಾಗಿ ಇವನ ಮರ್ಯಾದೆಯನ್ನೇ ಕಸಿದುಕೊಂಡೆನಲ್ಲ!

"ಪಾಪ ಅಂತ ಅಲ್ಲ ಸದಾನಂದ ಅವರೇ... ಗೆದ್ರೆ ಶನಿವಾರದ ತನಕ ಕಾಯಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ. ಮನೇಲಿ ನನ್ನ ಹತ್ರ ಯಾರೂ ಮಾತಾಡಲ್ಲ. ನಾನು ಏನು ಹೇಳ್ತೀನಿ ಅಂತ ಕಾಯ್ತಿದ್ದದ್ದು ನೀವೊಬ್ಬರೇ."

ಅವನು ಬಗ್ಗಿ ಪೇಪರಿನ ಒಂದು ಹಾಳೆ ಎತ್ತಿಕೊಂಡ. "ಹೇಗೆ ನಂಬುದು? ನಲವತ್ತೊಂದು ಸಲ ಸುಳ್ಳು ಹೇಳಿದ್ದೀರಿ."

"ಈಗ ಕೇಳಿ ಒಂದು ಪ್ರಶ್ನೆ. ನಿಜ ಹೇಳ್ತೀನಿ, ದೇವರಾಣೆ."

ಮನಸ್ಸಿಲ್ಲದ ಮನಸ್ಸಿನಿಂದ ಅವನು ಕೈಯಲ್ಲಿದ್ದ ಹಾಳೆ ನೋಡಿದ. "ಸೂರ್ಯ ಭೂಮಿಗೆ ತುಂಬಾ ಹತ್ತಿರ ಇರುದು ಯಾವ ತಿಂಗಳು?"

ತುಂಗಾ ಸೆರಗಿನಿಂದ ಬೆವರು ಒರೆಸಿಕೊಂಡಳು. "ಇದೂ ಒಂದು ಪ್ರಶ್ನೆಯಾ? ಮೇ!"

"ಅಲ್ಲ. ಜನವರಿ."

"ಜನವರಿಯಾ? ಸುಮ್ನಿರಿ! ಈ ಮೇ ತಿಂಗಳ ಕತ್ತರಿ ಬಿಸಿಲಲ್ಲಿ ತಲೆ ಸೀದು ಹೋಗ್ತಿದೆ. ಜನವರಿಯ ಪೊಂಗಲ್ ಸಮಯದಲ್ಲಿ ಬೆಳಿಗ್ಗೆ ನಮ್ಮಣ್ಣ ಮಫ್ಲರ್ ಕಟ್ಕೊಂಡು ಓಡಾಡ್ತಾನೆ!"

"ಪೇಪರಲ್ಲಿ ಉಂಟು."

"ಪೇಪರ್ ತಪ್ಪು! ಮದ್ರಾಸಲ್ಲಿ ಹುಟ್ಟಿದೋಳು ನಾನು, ನನಗೆ ಬಿಸಿಲಿನ ಪಾಠ ಹೇಳ್ತೀರಾ?" ಕೈ ಬೀಸಿ ಜಗಳಕ್ಕೇ ನಿಂತಳು. "ಎಲ್ಲಿ, ಕೊಡಿ ಇಲ್ಲಿ!"

ಎಣ್ಣೆ ಹತ್ತಿದ ಹಾಳೆಯನ್ನು ಕಿತ್ತುಕೊಂಡು ಓದಿದಳು. ಮತ್ತೆ ಓದಿದಳು. ಜನವರಿಯೇ! ಅವಮಾನದಿಂದ ಅವಳ ಕಿವಿ ಕೆಂಪಾಯಿತು.

ತಲೆಯೆತ್ತಿದರೆ ಸದಾನಂದ ನಗುತ್ತಿದ್ದ. ಕಣ್ಣಲ್ಲಿ ನೀರಿಟ್ಟುಕೊಂಡೇ ನಗುತ್ತಿದ್ದ.

"ನಗ್ತೀರಾ? ಯಾಕೆ?"

"ಅಷ್ಟು ಸಲ ಸೋತೆ ಅಂದ್ರಲ್ಲ, ಒಮ್ಮೆಯೂ ನೀವು ಜಗಳ ಮಾಡ್ಲಿಲ್ಲ. ಇವತ್ತು ನಿಜವಾಗಿ ಸೋತ್ರಿ. ಅಮ್ಮನಿಗೆ ಬರೀಬಹುದು ಇದನ್ನು."

"ಬರೀರಿ," ಎಂದಳು ತುಂಗಾ, ಮೂಗೊರೆಸಿಕೊಳ್ಳುತ್ತ. "ನನ್ನ ಹೆಸರು ಹಾಕಿಯೇ ಬರೀರಿ."

ಸದಾನಂದ ನಗು ನಿಲ್ಲಿಸಿದ. ಅವಳು ಬಿಸಿಲಿನಲ್ಲಿ ನಿಂತಿದ್ದಾಳೆಂದು ಆಗಷ್ಟೇ ಕಂಡವನಂತೆ, ತಾನು ಸರಿದು ನೆರಳಿನಲ್ಲಿ ಅವಳಿಗೆ ಜಾಗ ಬಿಟ್ಟ.

"ತುಂಗಾ..." ಮೊದಲ ಸಲ ಬರೀ ಹೆಸರು ಹಿಡಿದು ಕರೆದ. "ನೀವು ಇಲ್ಲದೆ ನನಗೂ ಆಗುದಿಲ್ಲ. ಈ ಎರಡು ವಾರದಲ್ಲಿ ಗೊತ್ತಾಯ್ತು. ಆದ್ರೆ ನಾನು ಹೋಟೆಲಿನವ. ನಿಮ್ಮ ಅಣ್ಣ ಒಪ್ಪುದು ಕಷ್ಟ."

"ಬೈಬಹುದು ಅಣ್ಣ. ಬೈದ್ರೂ ಸರಿ, ಅಷ್ಟಾದ್ರೂ ಮಾತು ಬರುತ್ತಲ್ಲ ಆ ಮನೇಲಿ."

"ಹಾಗಾದ್ರೆ ನಾಳೆ ಬಂದು ಕೇಳ್ಲಾ?"

ತುಂಗಾ ಅವನ ಮುಖ ನೋಡಿದಳು. ಎರಡು ತಿಂಗಳಿಂದ ಅವಳು ಹಂಬಲಿಸಿದ್ದು ನಾಳೆಗಾಗಿಯೇ. ಈಗ ಅದು ಬಹಳ ದೂರ ಅನ್ನಿಸಿತು.

"ನಾಳೆ ಯಾಕೆ?" ಎಂದಳು. "ಇವತ್ತೇ ಬನ್ನಿ."