ಹಾರ್ಟ್ಲಿ ದೊರೆಯ ಬಾಯಿಬೀಗ

"ಕೊಟ್ಲು ಅಂತ ಮಾತ್ರ ಅನ್ನಬ್ಯಾಡಿ ಬುದ್ದಿ. ಇನ್ನೇನಾದ್ರೂ ಅನ್ಕಳಿ. ನಮ್ಮಜ್ಜಿ ಕೊಟ್ಲು ಅಂತ ಯಾವ ಬಾಯಿ ಅಂತದೋ, ಆ ಬಾಯ್ಗೆ ಬೀಗ ಬೀಳ್ತದೆ."

ತೆರಕಣಾಂಬಿಯ ಹೆಂಚಿನ ಮನೆಯ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ ಮರಿತಾಯಮ್ಮ ಇದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಒಲೆ ಬಿಸಿಯಿದೆ, ಮುಟ್ಟಬೇಡ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಗಂಗಾಧರಸ್ವಾಮಿ ನಕ್ಕ. ಮೈಸೂರಿನ ಹಳೆಯ ವಸ್ತುಸಂಗ್ರಹಾಲಯವೊಂದರಲ್ಲಿ ಅವನು ಕ್ಯೂರೇಟರ್. ಆಕಾಶವಾಣಿಯಲ್ಲಿ ತಿಂಗಳಿಗೊಂದು ಭಾಷಣ, ಊರಲ್ಲಿ ಯಾವ ಸಮಾರಂಭ ನಡೆದರೂ ಮೈಕಿನ ಮುಂದೆ ಅವನೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆ ತನ್ನನ್ನು ನೋಡಿಯೇ ಹುಟ್ಟಿದ್ದೆಂದು ನಂಬಿದ್ದ ಮನುಷ್ಯ.

"ಬೀಗ ಬೀಳೋದಾದ್ರೆ ಈಗಲೇ ಬಿದ್ದುಬಿಡಲಿ ಅಜ್ಜಿ," ಎಂದ. "ಕೊಟ್ಟಳು. ಕೊಟ್ಟಳು. ನಿಮ್ಮಜ್ಜಿ ಚಿಕ್ಕಮಲ್ಲಮ್ಮ ತಾನಾಗೇ ಕೊಟ್ಟಳು. ನೋಡು, ಏನಾಯ್ತು?"

ಮರಿತಾಯಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳಕ್ಕೆ ಉಗುಳಿ, ಸೆರಗಿನಲ್ಲಿ ತುಟಿ ಒರೆಸಿಕೊಂಡಳು. ಅವನ ಎರಡು ಕೆನ್ನೆಗಳನ್ನೂ ಒಂದಾದ ಮೇಲೊಂದರಂತೆ ನಿಧಾನವಾಗಿ ನೋಡಿದಳು. ಹೊಂಗೆಯ ನೆರಳಲ್ಲಿ ಚೀಲ ಹಿಡಿದು ನಿಂತಿದ್ದ ಪುಟ್ಟಬಸಪ್ಪ, ಸಂಗ್ರಹಾಲಯದ ಹಳೆಯ ಅಟೆಂಡರ್, ಎರಡು ಹೆಜ್ಜೆ ಹಿಂದಕ್ಕೆ ಸರಿದ. ಬದನಗುಪ್ಪೆಯವನಾದ ಅವನಿಗೆ ಈ ಸೀಮೆಯ ಹೆಂಗಸರ ಮೌನ ಎಂಥದ್ದೆಂದು ಗೊತ್ತಿತ್ತು.

ಬಾಯಿಬೀಗವೆಂದರೆ ಮಾರಮ್ಮನಿಗೆ ಹರಕೆ ಹೊತ್ತವರು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹಾಯಿಸಿಕೊಳ್ಳುವ ಬೆಳ್ಳಿಯ ಸಲಾಕೆ. ಒಂದು ತುದಿ ಸೂಜಿಯಷ್ಟು ಚೂಪು, ಇನ್ನೊಂದು ತುದಿಗೆ ತ್ರಿಶೂಲ. ಚುಚ್ಚಿಸಿಕೊಂಡ ಮೇಲೆ ಮಾತಿಲ್ಲ, ಹನಿ ನೀರೂ ಇಲ್ಲ. ಗುಡಿಯನ್ನು ಮೂರು ಸುತ್ತು ಬಂದು ದೇವಿಯ ಮುಂದೆ ನಿಂತಾಗಲೇ ಅದನ್ನು ತೆಗೆಯಬೇಕು. ಮರಿತಾಯಮ್ಮನ ಅಜ್ಜಿ ಪ್ಲೇಗಿನ ವರ್ಷ ಹಾಗೆ ಹರಕೆ ಹೊತ್ತಿದ್ದಳು. ಚೊಚ್ಚಲ ಮಗನ ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಎರಡು ಸುತ್ತು ಮುಗಿದಿತ್ತು, ಒಂದು ಉಳಿದಿತ್ತು. ಅಷ್ಟರಲ್ಲಿ ಕುದುರೆಯ ಮೇಲೆ ಬಂದ ಹಾರ್ಟ್ಲಿ ದೊರೆ. ಕಾಡು ಅಳೆಯಲು ಬಂದವನು. ಜನರ ಸಾಮಾನು ಕೂಡಿಡುವ ಹುಚ್ಚಿನವನು. ಮೊದಲು ಅವಳ ಫೋಟೋ ಹಿಡಿದ. ಆಮೇಲೆ ರಕ್ತ ಹತ್ತಿದ ಬೀಗವೇ ಬೇಕೆಂದ. ಕಿತ್ತರು. ಸಂಜೆಗೆ ಮಗು ಹೋಯಿತು. ಹರಿದ ಕೆನ್ನೆಯಲ್ಲಿ ಕೀವು ತುಂಬಿ ನಾಲ್ಕನೆಯ ದಿನ ತಾಯಿಯೂ ಹೋದಳು. ಉಳಿದದ್ದು ಆಗಿನ್ನೂ ಕೈಗೂಸಾಗಿದ್ದ ಮರಿತಾಯಮ್ಮನ ತಾಯಿ ಒಬ್ಬಳೇ. ಚಿಕ್ಕಮಲ್ಲಮ್ಮ ಸಾಯುವುದಕ್ಕೆ ಮುಂಚೆ ಮಾರಿಗುಡಿಯ ಹೊಸ್ತಿಲಿಗೆ ಹಣೆ ಚಚ್ಚಿಕೊಂಡು, ಕೊಟ್ಲು ಎಂದ ಬಾಯಿಗೆ ಬೀಗ ಬೀಳಲಿ ಎನ್ನುವ ಆ ಮಾತು ಆಡಿದಳಂತೆ.

ಗಂಗಾಧರಸ್ವಾಮಿಗೆ ಇದು ಹೊಸ ಸುದ್ದಿಯೇನಲ್ಲ, ಅದೇ ಅವನ ಪಾಪ. ಹಾರ್ಟ್ಲಿ ಸಂಗ್ರಹಾಲಯಕ್ಕೆ ಕೊಟ್ಟ ಮುನ್ನೂರು ಚಿಲ್ಲರೆ ವಸ್ತುಗಳನ್ನು, ಸೋಲಿಗರ ಜೇನುಬುಟ್ಟಿಯಿಂದ ಹಿಡಿದು ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನ ಬೇಟೆಬಲೆಯವರೆಗೆ, ಅವನು ಎರಡು ವರ್ಷ ಕೂತು ಅಧ್ಯಯನ ಮಾಡಿದ್ದ. ಬಾಯಿಬೀಗಕ್ಕೆ ಕಟ್ಟಿದ ಚೀಟಿಯಲ್ಲಿ 'ತೆರಕಣಾಂಬಿಯ ಹೆಂಗಸು ಸ್ವಇಚ್ಛೆಯಿಂದ ಕೊಟ್ಟದ್ದು' ಎಂದಿತ್ತು. ಆದರೆ ಹಾರ್ಟ್ಲಿಯ ಸ್ವಂತ ದಿನಚರಿಯಲ್ಲಿ, ಅವನದೇ ಕೈಬರಹದಲ್ಲಿ ಬೇರೆಯೇ ಇತ್ತು: 'ಇಬ್ಬರು ಜವಾನರು ಅವಳ ತೋಳು ಹಿಡಿದರು. ಸಲಾಕೆ ಸುಲಭಕ್ಕೆ ಬರಲಿಲ್ಲ.' ಆ ಹಾಳೆಯನ್ನು ಗಂಗಾಧರಸ್ವಾಮಿ ಬ್ಲೇಡಿನಿಂದ ಕತ್ತರಿಸಿ ಬ್ಯಾಗಿಗೆ ಸೇರಿಸಿದ್ದ. ಲಂಡನ್ನಿನಲ್ಲಿದ್ದ ಹಾರ್ಟ್ಲಿಯ ಮರಿಮಗ, ತನ್ನ ಮುತ್ತಾತನ ಕೊಡುಗೆಯ ಬಗ್ಗೆ ಒಳ್ಳೆಯ ಪ್ರಬಂಧವೊಂದು ಬಂದರೆ ಬರೆದವರನ್ನು ಒಂದು ವರ್ಷ ಅಲ್ಲಿಗೆ ಕರೆಸಿಕೊಳ್ಳುವುದಾಗಿ ಕಾಗದ ಬರೆದಿದ್ದ. ಕಳ್ಳನ ಮೇಲೆ ಒಳ್ಳೆಯ ಪ್ರಬಂಧ ಬರೆಯಲಾಗುತ್ತದೆಯೇ? ಕೊಟ್ಟಳೆಂಬ ಮಾತನ್ನು ಮೊಮ್ಮಗಳ ಬಾಯಿಂದಲೂ ಹೊರಡಿಸಲೆಂದೇ ಅವನು ತೆರಕಣಾಂಬಿಗೆ ಬಂದಿದ್ದ. ಕೊಟ್ಟಳು ಎಂದರೆ ಲಂಡನ್. ಕಿತ್ತರು ಎಂದರೆ ಮೈಸೂರಿನ ಅದೇ ದೂಳು.

ಹಾರ್ಟ್ಲಿ ಹೇಗೆ ಸತ್ತನೆಂಬುದೂ ಅವನಿಗೆ ಗೊತ್ತಿತ್ತು. ಊಟಿಯಿಂದ ಬರೆದ ಕೊನೆಯ ಪತ್ರದಲ್ಲಿ ದವಡೆ ಹಿಡಿದುಕೊಂಡಿದೆ, ವೈದ್ಯನಿಗೆ ಕಾರಣ ಕಾಣುತ್ತಿಲ್ಲ ಎಂದಿತ್ತು. ಧನುರ್ವಾಯು, ತುಕ್ಕಿನ ಕಬ್ಬಿಣ ತಾಗಿರಬೇಕು ಎಂದು ಗಂಗಾಧರಸ್ವಾಮಿ ತೀರ್ಮಾನಿಸಿದ್ದ. ಆ ಸಂಜೆ ಗುಂಡ್ಲುಪೇಟೆಗೆ ಹಿಂತಿರುಗಿದವನು ಒಂದು ಕ್ಲಿನಿಕ್ಕಿಗೆ ನುಗ್ಗಿ ಟಿಟಿ ಇಂಜೆಕ್ಷನ್ ಚುಚ್ಚಿಸಿಕೊಂಡ.

"ಏನಪ್ಪಾ ಪುಟ್ಟಬಸಪ್ಪ, ನಿಮ್ಮ ಮಾರಿಗೂ ಇಂಜೆಕ್ಷನ್ ಆಯ್ತು," ಎಂದ.

"ಅಂಗೆಲ್ಲ ಅನ್ನಬ್ಯಾಡಿ ಸಾರ್," ಎಂದ ಪುಟ್ಟಬಸಪ್ಪ. ಅವನು ನಗಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರುವಾಗ ಗಂಗಾಧರಸ್ವಾಮಿಯ ಬಿಳಿ ಅಂಗಿಯ ಮೇಲೆ ಎಡಗಡೆ ಒಂದು ಹನಿ ಬಿತ್ತು. ಆಮೇಲೆ ಬಲಗಡೆ ಒಂದು. ಲೋಟ ತೂತಾಗಿದೆಯೆಂದು ಬೇರೆ ತರಿಸಿದ. ಗುಟುಕು ನುಂಗಿದ. ಕಾಫಿ ಗಂಟಲಿಗಿಳಿಯಲಿಲ್ಲ. ಕೆನ್ನೆಯ ಆಚೆಯಿಂದ ಜಾರಿ, ಗದ್ದದಗುಂಟ ಇಳಿದು ಕಾಲರಿಗೆ ಮುಟ್ಟಿತು. ಕೈಯಿಂದ ತಡವಿದ. ಚರ್ಮ ನುಣ್ಣಗಿತ್ತು. ಗಾಯವಿಲ್ಲ, ತೂತಿಲ್ಲ. ಕನ್ನಡಿಯ ಮುಂದೆ ನಿಂತು ಬಾಯಿ ತುಂಬ ನೀರು ತುಂಬಿಕೊಂಡು ನೋಡಿದ. ಎರಡೂ ಕೆನ್ನೆಗಳ ನಟ್ಟನಡುವೆ, ಸಾಸಿವೆಯಷ್ಟು ಜಾಗದಲ್ಲಿ, ನೀರು ತಾನಾಗಿಯೇ ಬೆವರಿನಂತೆ ಮೂಡಿ ತೊಟ್ಟಿಕ್ಕಿತು.

"ಸಾರ್, ಇವತ್ತು ಚಾಮರಾಜನಗರದಲ್ಲಿ ಓದೋ ಪ್ರಬಂಧದಲ್ಲಿ ಆ ಮಾತು ಬುಟ್ಬುಡಿ," ಎಂದ ಪುಟ್ಟಬಸಪ್ಪ, ನೆಲ ನೋಡುತ್ತಾ. "ಬೀಗ ಅಂತ ಮಾತ್ರ ಅಂದು ಮುಂದಕ್ಕೋಗಿ. ಯಾರು ಕೇಳ್ತರೆ?"

"ಇಂಜೆಕ್ಷನ್ನಿನ ಅಡ್ಡಪರಿಣಾಮ ಕಣಯ್ಯ ಇದು," ಎಂದ ಗಂಗಾಧರಸ್ವಾಮಿ. ಮಾತು ಎಂದಿನಷ್ಟು ಜೋರಾಗಿ ಹೊರಡಲಿಲ್ಲ. ಬಿಟ್ಟುಬಿಡಬಹುದಿತ್ತು. ಒಂದು ವಾಕ್ಯ, ಅಷ್ಟೇ. ಆದರೆ ಭಾಷಣದ ಕ್ಯಾಸೆಟ್ ಲಂಡನ್ನಿಗೆ ಹೋಗುವುದಿತ್ತು. ಅವನು ಅಂಗಿ ಬದಲಿಸಿ ಜೀಪು ಹತ್ತಿದ.

ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಯ ಸಂಭ್ರಮಕ್ಕೆಂದು ಸಭಾಂಗಣವೊಂದರಲ್ಲಿ ಹಾರ್ಟ್ಲಿಯ ಸಂಗ್ರಹವನ್ನು ಪ್ರದರ್ಶನಕ್ಕಿಟ್ಟಿದ್ದರು. ವೇದಿಕೆಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಬಾಯಿಬೀಗ ಮಲಗಿತ್ತು. ಸ್ಲೈಡು ತೋರಿಸಲೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಎಳೆದು, ಹೊರಗೆ ಏಪ್ರಿಲ್ಲಿನ ಬಿಸಿಲು ಉರಿಯುತ್ತಿದ್ದರೂ ಒಳಗೆ ಕತ್ತಲು ಮಾಡಿದ್ದರು. ಬಾಗಿಲು ಮುಚ್ಚಿದ್ದೇ ತಡ ಗಂಗಾಧರಸ್ವಾಮಿಯ ಮೂಗಿಗೆ ಬೇವಿನ ಸೊಪ್ಪಿನ ಕಹಿ ವಾಸನೆ ಬಡಿಯಿತು. ಅದರ ಹಿಂದೆ ಹಸಿ ಅರಿಶಿನ. ಅದರ ಅಡಿಯಲ್ಲಿ, ನಾಲಗೆಗೇ ಹತ್ತುವಷ್ಟು ದಟ್ಟವಾಗಿ, ರಕ್ತ. ಎದುರಿನ ಸಾಲಿನ ಜನ ಸುಮ್ಮನೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅವರಿಗೆ ಏನೂ ಬಡಿದಂತೆ ಕಾಣಲಿಲ್ಲ.

ಅವನು ಮಾತು ಶುರುಮಾಡಿದ. ಜೇನುಬುಟ್ಟಿ ಬಂತು, ಬಲೆ ಬಂತು. ಧೈರ್ಯ ಬಂತು. ಚಪ್ಪಾಳೆಯೂ ಬಂತು. ಆಮೇಲೆ ಪ್ರೊಜೆಕ್ಟರು ಕಟಕ್ಕೆಂದು, ಹಾರ್ಟ್ಲಿ ಹಿಡಿದ ಆ ಫೋಟೋ ಗೋಡೆಯಗಲ ಬಂದು ನಿಂತಿತು. ಚಿಕ್ಕಮಲ್ಲಮ್ಮ. ಕೆದರಿದ ಕೂದಲು, ಹಣೆ ತುಂಬ ಕುಂಕುಮ, ಕೆನ್ನೆಯಿಂದ ಕೆನ್ನೆಗೆ ಬೆಳ್ಳಿಯ ಸಲಾಕೆ. ಆ ಚಿತ್ರವನ್ನು ಅವನು ನೂರು ಸಲ ನೋಡಿದ್ದ. ಅವಳ ಕಣ್ಣು ಯಾವಾಗಲೂ ಗುಡಿಯ ಕಡೆಗಿರುತ್ತಿತ್ತು.

ಈಗ ಅವನ ಕಡೆಗಿತ್ತು.

ಎಲ್ಲೋ ತಮಟೆ ಬಡಿಯುವ ಸದ್ದು. ದೂರದಲ್ಲಿ. ಆಮೇಲೆ ಹತ್ತಿರದಲ್ಲಿ. ಆಮೇಲೆ ಅವನ ಕಿವಿಯೊಳಗೇ. ನಾಲಗೆಯ ಮೇಲೆ ತಣ್ಣನೆಯ ಲೋಹದ ರುಚಿ ಹರಡಿತು. ಮುಂದಿನ ಹಾಳೆಗೆ ಹೋಗಿಬಿಡೋಣ ಅನ್ನಿಸಿತು. ಕ್ಯಾಸೆಟ್ ರೆಕಾರ್ಡರಿನ ಕೆಂಪು ದೀಪ ಕಂಡಿತು. ಉಸಿರೆಳೆದುಕೊಂಡ.

"ಈ ಬಾಯಿಬೀಗವನ್ನು ಚಿಕ್ಕಮಲ್ಲಮ್ಮ ಎಂಬ ಹೆಂಗಸು ಹಾರ್ಟ್ಲಿಯವರಿಗೆ ಸ್ವಇಚ್ಛೆಯಿಂದ ಕೊಟ್ಟಳು."

ಗೋಡೆಯ ಮೇಲಿನ ಚಿತ್ರದಲ್ಲಿ ಸಲಾಕೆ ಇರಲಿಲ್ಲ. ಕೆನ್ನೆ ಬರಿದಾಗಿತ್ತು. ಅವಳ ಬಾಯಿ ತೆರೆಯಿತು. ನಿಧಾನವಾಗಿ. ಅಗಲವಾಗಿ. ಕಪ್ಪಗೆ. ನೂರು ವರ್ಷದಿಂದ ಮುಚ್ಚಿದ್ದ ಬಾಯಿ. ಅವನ ಎಡಗೆನ್ನೆಗೆ ಏನೋ ಚೂಪಾಗಿ ತಾಗಿತು. ಒಳಗೆ ನುಗ್ಗಿತು. ನಾಲಗೆಯನ್ನು ಅಡಿಗೆ ಒತ್ತಿತು. ಹಲ್ಲಿಗೆ ಕಟಕಟ ಉಜ್ಜಿತು. ಬಲಗೆನ್ನೆಯಿಂದ ಹೊರಬಂತು. ಅವನು ಕಿರುಚಿದ. ಕಿರುಚಲಿಲ್ಲ. ಕಿರುಚಲು ಬಾಯಿ ಇರಲಿಲ್ಲ. ತುಟಿ ಅಂಟಿತ್ತು. ದವಡೆ ಬಿಗಿದಿತ್ತು. ಎರಡೂ ಕೈಯಿಂದ ಕೆನ್ನೆ ಪರಚಿಕೊಂಡ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಹಿಡಿದು ಎಳೆದ. ಜನ ಎದ್ದು ನಿಂತರು. ಯಾರೋ ದೀಪ ಹಾಕಿ ಎಂದರು. ದೀಪ ಬಂದಾಗ ಕ್ಯೂರೇಟರ್ ಸಾಹೇಬರು ಮೈಕಿನ ಬುಡದಲ್ಲಿ ಬಿದ್ದುಕೊಂಡು ಮೂಗಿನಿಂದ ಹೂಂಗುಟ್ಟುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಬೀಗ ಇದ್ದಲ್ಲೇ ಇತ್ತು. ಅದರ ಕೆಳಗಿನ ಬಿಳಿ ಬಟ್ಟೆ ಮಾತ್ರ ಒದ್ದೆಯಾಗಿ ಕೆಂಪಗಾಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಸರಿಯಾಗಿತ್ತು. ಸ್ನಾಯು ಸಡಿಲವಾಗಲು ಔಷಧ ಕೊಟ್ಟರು. ಮೈಯೆಲ್ಲ ಸಡಿಲವಾಯಿತು, ಬಾಯಿ ಮಾತ್ರ ಇಲ್ಲ. ಗ್ಲೂಕೋಸಿನ ಬಾಟಲಿ ಏರಿಸಿದರೆ ಸೂಜಿ ಹಾಕಿದ ಜಾಗದಿಂದಲೇ ನೀರು ಹೊರಸೂಸಿ ಹಾಸಿಗೆ ನೆನೆಯಿತು. ಮೈಸೂರಿನಿಂದ ಬಂದ ಹೆಂಡತಿ ತಲೆದೆಸೆಯಲ್ಲಿ ಕೂತು ಅತ್ತಳು. ಮೂರನೆಯ ದಿನ ಗಂಗಾಧರಸ್ವಾಮಿಯ ನಾಲಗೆ ಒಳಗೇ ಊದಿಕೊಂಡು ಹಲ್ಲಿಗೆ ತಾಗುತ್ತಿತ್ತು. ನಾಲ್ಕನೆಯ ದಿನ ಅವನು ಚೀಟಿಯಲ್ಲಿ ತೆರಕಣಾಂಬಿ ಎಂದು ಬರೆದು ಪುಟ್ಟಬಸಪ್ಪನ ಕೈಗಿಟ್ಟ.

ಮಧ್ಯಾಹ್ನದ ಹೊತ್ತಿಗೆ ಜೀಪು ಹೆಂಚಿನ ಮನೆಯ ಮುಂದೆ ನಿಂತಿತು. ಪುಟ್ಟಬಸಪ್ಪ ಅವನನ್ನು ತೋಳು ಹಿಡಿದು ಇಳಿಸಿ ಜಗುಲಿಯ ಮೇಲೆ ಕೂರಿಸಿದ. ಗಾಜಿನ ಪೆಟ್ಟಿಗೆಯಿಂದ ತೆಗೆದು ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಬೀಗವನ್ನು ಮರಿತಾಯಮ್ಮನ ಮುಂದೆ ಇಟ್ಟ.

"ಅವ್ವಾ, ನಿಮ್ಮ ವಸ್ತು ತಂದಿವ್ನಿ. ತಕ್ಕಳಿ."

ಮುದುಕಿ ಅದನ್ನು ಎರಡು ಕೈಯಲ್ಲೂ ಎತ್ತಿ ಕಣ್ಣಿಗೊತ್ತಿಕೊಂಡಳು. ಕೈ ಕೆಳಗಿಳಿಸಿದಾಗ ಕೆನ್ನೆ ಒದ್ದೆಯಾಗಿತ್ತು. ಎದುರು ಕೂತವನ ಗದ್ದ ಹಿಡಿದೆತ್ತಿ ಮುಖ ನೋಡಿದಳು. ಎಷ್ಟೆಂದರೂ ಹೆತ್ತವಳು.

"ಅಯ್ಯೋ, ಏನ್ ಮುಖ ಇಂಗಾಗೋಯ್ತು. ತಡೀರಿ ಬುದ್ದಿ. ತಿಳೀದೆ ಅಂದೋರ್ಗೆ ಮಾರವ್ವ ಮಾಪಿ ಮಾಡ್ತಳೆ. ನಾನೇ ಸೆರಗೊಡ್ಡಿ ಕೇಳ್ತಿನಿ. ಗುಡಿ ಅರಿಶಿನದ ನೀರು ತಂದು ಮುಖಕ್ಕೆ ಉಯ್ದ್ರೆ ಬುಡ್ತದೆ," ಎಂದು ಗೋಡೆಗೆ ಕೈ ಊರಿ ಏಳತೊಡಗಿದಳು.

ಗಂಗಾಧರಸ್ವಾಮಿ ಅವಳ ಸೀರೆಯ ಅಂಚು ಹಿಡಿದುಕೊಂಡ. ನಾಲ್ಕು ದಿನದ ಉಪವಾಸದಲ್ಲಿ ಅವನು ಒಂದೇ ಲೆಕ್ಕ ಹಾಕಿದ್ದ: ಸುಳ್ಳಿಗೆ ಬಿದ್ದ ಬೀಗ ನಿಜಕ್ಕೆ ಬಿಡಬೇಕು, ಎಷ್ಟು ಪೂರ್ತಿ ನಿಜವೋ ಅಷ್ಟು ಬೇಗ. ಬರವಣಿಗೆಯನ್ನು ನಂಬಿ ಬದುಕಿದವನು ತಾನೇ. ಜೇಬಿನಿಂದ ಕಾಗದ ತೆಗೆದು ಅವಳ ಕೈಗೆ ತುರುಕಿದ. ಅವಳು ಅದನ್ನು ತಿರುವಿ ಮುರುವಿ ನೋಡಿದಳು.

"ಓದಾಕ್ ಬರಾಕಿಲ್ಲ ನಂಗೆ."

ಪುಟ್ಟಬಸಪ್ಪ ಕಾಗದ ತೆಗೆದುಕೊಂಡು ಅಕ್ಷರ ಕೂಡಿಸಿ ಓದಿದ. "ಚಿಕ್ಕಮಲ್ಲಮ್ಮ ಕೊಡಲಿಲ್ಲ. ಇಬ್ಬರು ಜವಾನರು ತೋಳು ಹಿಡಿದುಕೊಂಡು ಅವಳ ಬಾಯಿಂದ ಕಿತ್ತರು. ದೊರೆಯೇ ಹಾಗೆಂದು ಬರೆದಿಟ್ಟಿದ್ದಾನೆ. ಅದನ್ನು ನಾನು ಎರಡು ವರ್ಷದ ಹಿಂದೆಯೇ ಓದಿದ್ದೆ." ಇಲ್ಲಿ ಅವನ ದನಿ ತಡವರಿಸಿತು. ಸಾಹೇಬನ ಮುಖ ನೋಡಿದ. ಸಾಹೇಬ ಓದು ಎಂದು ಕೈಸನ್ನೆ ಮಾಡಿದ. "ಗೊತ್ತಿದ್ದೂ ಕೊಟ್ಟಳು ಎಂದೆ. ಕ್ಷಮಿಸು."

ಮರಿತಾಯಮ್ಮ ಅರ್ಧ ಎದ್ದವಳು ಹಾಗೇ ನಿಂತಳು.

"ಮೊದ್ಲೇ ಗೊತ್ತಿತ್ತಾ?"

ಗಂಗಾಧರಸ್ವಾಮಿ ಆಸೆಯಿಂದ ಹೌದೆಂದು ತಲೆಯಾಡಿಸಿದ.

"ಅವತ್ತು ಇಲ್ಲಿ ಕುಂತು, ನನ್ನೆದ್ರುಗೆ ನಗ್ತಾ ಅಂದ್ರಲ್ಲ. ಆಗ್ಲೂ ಗೊತ್ತಿತ್ತಾ?"

ತಲೆಯಾಡಿತು.

ಮುದುಕಿ ಗೋಡೆಯಿಂದ ಕೈ ತೆಗೆದಳು. ಮೆಲ್ಲನೆ ಕೆಳಗೆ ಕೂತಳು. ಬೀಗವನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಒಂದು ಕ್ಷಣದ ಹಿಂದೆ ಇದ್ದ ತಾಯಿ ಎಲ್ಲಿ ಹೋದಳೋ ಪುಟ್ಟಬಸಪ್ಪನಿಗೆ ತಿಳಿಯಲಿಲ್ಲ.

"ತಿಳ್ದೂ ತಿಳ್ದೂ ಅಂದೋರ್ಗೆ ನನ್ನ ಸೆರಗು ಸಾಲಾಕಿಲ್ಲ ಬುದ್ದಿ. ಅದ್ಕೂ ನಮ್ಮಜ್ಜಿ ಒಂದು ದಾರಿ ಯೋಳಿ ಸತ್ತವ್ಳೆ. ಯಾವ ಬಾಯಿ ಕೊಟ್ಲು ಅಂತೋ, ಅದೇ ಬಾಯಿ ಕಿತ್ಕಂಡ್ರು ಅನ್ಬೇಕು. ಕಾಗ್ದ ಅನ್ನಂಗಿಲ್ಲ. ಇನ್ನೊಬ್ರು ಅನ್ನಂಗಿಲ್ಲ."

ಗಂಗಾಧರಸ್ವಾಮಿಯ ಕಣ್ಣುಗಳು ಅಗಲವಾದವು. ಅವನು ಬಾಯಿ ತೆರೆಯಲು ಹೆಣಗಿದ. ಕುತ್ತಿಗೆಯ ನರ ಉಬ್ಬಿ, ಮುಖ ಕಪ್ಪಿಟ್ಟು, ಮೂಗಿನಿಂದ ಹೂಂ ಎನ್ನುವ ಸದ್ದೊಂದು ಬಂತು. ಮತ್ತೆ ಹೆಣಗಿದ. ಮತ್ತೆ ಅದೇ ಸದ್ದು. ಅಂಗಳದ ಕೋಳಿಗಳು ಬೆದರಿ ದೂರ ಹೋದವು.

ಮರಿತಾಯಮ್ಮ ಒಳಗೆ ಹೋಗಿ ಮುದ್ದೆ, ಹುರುಳಿ ಸಾರಿನ ತಟ್ಟೆ ತಂದು ಅವನಿಗೆ ಎದುರಾಗಿ ಕೂತಳು. ಬಿಸಿ ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಒಂದೊಂದೇ ತುತ್ತು ನುಂಗಿದಳು. ಅವಸರ ಮಾಡಲಿಲ್ಲ. ತಟ್ಟೆ ಬರಿದಾದ ಮೇಲೆ ಚೆಂಬಿನ ನೀರಲ್ಲಿ ಕೈ ತೊಳೆದು, ಮಿಕ್ಕ ನೀರನ್ನು ಗಟಗಟ ಕುಡಿದು ಚೆಂಬು ಕೆಳಗಿಟ್ಟಳು.

"ಅನ್ನಿ ಬುದ್ದಿ," ಎಂದಳು. "ಕೇಳ್ತಾ ಕುಂತಿವ್ನಿ."